ಹಾಡುವ ಸಂಜೆಗೆ ಎಲ್ಲಿ ಹೋಗೋದು? ಇಂಗ್ಲೆಂಡಿನ ಫೋಕ್ ಕ್ಲಬ್‌ಗಳಿಗೆ ಹೊಸಬರಿಗಾಗಿ ಒಂದು ಹೋಲಿಕೆ

ಇಂಗ್ಲೆಂಡಿಗೆ ಬಂದು ಒಂದು ಚಳಿಗಾಲ ಕಳೆದ ಕನ್ನಡಿಗರು ಈಚೆಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಊರಲ್ಲಿ ಭಜನೆಗೆ ಹೋಗ್ತಿದ್ದೆ. ಕಾಲೇಜಲ್ಲಿ ಭಾವಗೀತೆ ಹಾಡ್ತಿದ್ದೆ. ಇಲ್ಲೂ ಹಾಡೋಕೆ ಒಂದು ಜಾಗ ಬೇಕು. ಒಂದು ಪಬ್ಬಿನ ಬಾಗಿಲಲ್ಲಿ ಫೋಕ್ ಕ್ಲಬ್ ಅಂತ ಬರೆದಿತ್ತು, ಇನ್ನೊಂದು ಕಡೆ ಸಿಂಗರೌಂಡ್, ಮತ್ತೊಂದು ಕಡೆ ಸೆಷನ್. ಯಾವುದಕ್ಕೆ ಹೋಗ್ಲಿ?"

ಪ್ರಶ್ನೆ ಸರಿಯಾಗಿಯೇ ಇದೆ. ಫೋಕ್ ಕ್ಲಬ್ ಅಂದರೆ ಜನಪದ ಹಾಡು ಹಾಡಲು, ಕೇಳಲು ಜನ ಸೇರುವ ಕೂಟ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತದೆ. ಒಂದು ಪಬ್, ಒಂದು ಹಿಂದಿನ ಕೋಣೆ, ಹತ್ತಿಪ್ಪತ್ತು ಜನ, ಹಾಡು. ಒಳಗೆ ಹೋಗಿ ಕೂತ ಮೇಲೆ ಗೊತ್ತಾಗುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಅಂತ. ತಪ್ಪು ಜಾಗಕ್ಕೆ ಹೋಗಿ, "ಇದು ನಮಗಲ್ಲ" ಎಂದು ವಾಪಸ್ ಬಂದು, ಮತ್ತೆ ಆ ಕಡೆ ತಲೆ ಹಾಕದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಇಬ್ಬರು ನನಗಿಂತ ಎಷ್ಟೋ ಚೆನ್ನಾಗಿ ಹಾಡುವವರು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ. ಆ ಸಂಜೆ ನಿಮ್ಮ ದನಿಗೆ ಎಷ್ಟು ಕೆಲಸ ಬೇಕು? ಒಬ್ಬರೇ ಒಂದು ಹಾಡು ಪೂರ್ತಿ ಹಾಡಬೇಕು ಅನ್ನುವ ಆಸೆಯಾ? ನಾಲ್ಕು ಜನರ ಜೊತೆ ಸೊಲ್ಲು ಸೇರಿಸಿದರೆ ಸಾಕಾ? ಅಥವಾ ಒಳ್ಳೆಯ ಹಾಡು ಕೇಳಿ ಮನೆಗೆ ಬಂದರೆ ತೃಪ್ತಿಯಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಎರಡನೆಯದು ಸರದಿಯ ಲೆಕ್ಕ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಂಜೆ 8ಕ್ಕೆ ಶುರುವಾಗಿ 11ಕ್ಕೆ ಮುಗಿಯುವ ಕೂಟ ಅಂದುಕೊಳ್ಳಿ. ನಡುವೆ ಇಪ್ಪತ್ತು ನಿಮಿಷ ಬಿಡುವು. ಒಂದು ಹಾಡು, ಅದರ ಮುಂಚಿನ ಎರಡು ಮಾತು, ಆಮೇಲಿನ ಚಪ್ಪಾಳೆ ಎಲ್ಲ ಸೇರಿ 5 ನಿಮಿಷ. ಅಂದರೆ ಒಟ್ಟು 32 ಹಾಡು. ಹತ್ತು ಜನ ಇದ್ದರೆ ತಲೆಗೆ ಮೂರು ಹಾಡು ಬರುತ್ತದೆ. ಮೂವತ್ತು ಜನ ಇದ್ದರೆ ಒಂದೇ ಒಂದು. ಹಾಡಲೇಬೇಕು ಅನ್ನುವವರು ಚಿಕ್ಕ ಕ್ಲಬ್ ಹುಡುಕಿ. ಒಂದು ಹಾಡು ಹಾಡಿ ಉಳಿದ ಹೊತ್ತು ನೆಮ್ಮದಿಯಾಗಿ ಕೂರುತ್ತೇನೆ ಅನ್ನುವವರಿಗೆ ದೊಡ್ಡದು ಒಳ್ಳೆಯದು.

ಮೂರನೆಯದು ಹಾಳೆಯ ವಿಷಯ. ಕೆಲವು ಕಡೆ ಪುಸ್ತಕ, ಫೋನ್ ನೋಡಿ ಹಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಕೆಲವು ಕಡೆ ಬಾಯಲ್ಲಿ ಹೇಳುವುದಿಲ್ಲ, ಆದರೆ ಮುಖದಲ್ಲಿ ಕಾಣುತ್ತದೆ. ಕಂಠಪಾಠ ಇದ್ದರೆ ಎಲ್ಲಿ ಬೇಕಾದರೂ ನಡೆಯುತ್ತದೆ.

ಇನ್ನು ಉಳಿದದ್ದು ಮನೆ-ಸಂಸಾರದ ಲೆಕ್ಕ. ಜಾಗ ಪಬ್ಬಾ, ಸಭಾಂಗಣವಾ? ಮಹಡಿ ಮೆಟ್ಟಿಲು ಇದೆಯಾ? ಮಕ್ಕಳನ್ನು ಒಳಗೆ ಬಿಡುತ್ತಾರಾ? ಕೊನೆಯ ಬಸ್ಸು ಎಷ್ಟಕ್ಕೆ? ಹಳ್ಳಿ ಕಡೆಯ ಪಬ್ಬಾದರೆ ಈ ಕೊನೆಯ ಪ್ರಶ್ನೆಯೇ ಮೊದಲ ಪ್ರಶ್ನೆ. ಹತ್ತು ಗಂಟೆಗೆ ಎದ್ದು ಓಡಬೇಕಾದರೆ, ಹಾಡುಗಾರಿಕೆ ಚೆನ್ನಾಗಿ ಕಾವೇರುವ ಕೊನೆಯ ಒಂದು ಗಂಟೆ ನಿಮಗೆ ಸಿಗುವುದೇ ಇಲ್ಲ.

ಪಬ್ ಎಂದ ಕೂಡಲೇ ಹಿಂಜರಿಯುವವರಿಗೆ ಒಂದು ಮಾತು. ನಾನು ಕುಡಿಯುವುದಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರೂ ಕುಡಿ ಎಂದು ಒತ್ತಾಯ ಮಾಡಿಲ್ಲ. ಲೈಮ್ ಸೋಡಾ ತಗೊಂಡು ಕೂರುತ್ತೇನೆ. ಆದರೆ ಏನಾದರೂ ಒಂದನ್ನು ಕೊಳ್ಳಿ. ಎಷ್ಟೋ ಕಡೆ ಪಬ್‌ನವರು ಆ ಕೋಣೆಗೆ ಬಾಡಿಗೆ ತಗೊಳ್ಳುವುದಿಲ್ಲ. ಕೌಂಟರಿನಲ್ಲಿ ಆಗುವ ವ್ಯಾಪಾರವೇ ಬಾಡಿಗೆ. ಹಾಡುವವರೆಲ್ಲ ಬರೀ ನಲ್ಲಿ ನೀರು ಕುಡಿದರೆ ಕ್ಲಬ್ ಉಳಿಯುವುದಿಲ್ಲ.

ಸಿಂಗರೌಂಡ್

ಇದು ನನ್ನ ಮನೆ ಇದ್ದ ಹಾಗೆ. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಸುತ್ತಲೂ ಕೂತು ಒಬ್ಬರಾದ ಮೇಲೆ ಒಬ್ಬರು ಹಾಡುವುದೇ ಸಿಂಗರೌಂಡ್. ವೇದಿಕೆ ಇಲ್ಲ, ಮೈಕ್ ಇಲ್ಲ. ನಡೆಸುವವರೊಬ್ಬರು ಇರುತ್ತಾರೆ. ಅವರು ಕಣ್ಣಲ್ಲೋ ಕೈಯಲ್ಲೋ ಸನ್ನೆ ಮಾಡಿದರೆ ನಿಮ್ಮ ಸರದಿ. ಹಾಡಬಹುದು. ಒಂದು ಪದ್ಯ ಓದಬಹುದು. ಒಂದು ಕಥೆ ಹೇಳಬಹುದು. "ಪಾಸ್" ಅಂತಲೂ ಹೇಳಬಹುದು. ಪಾಸ್ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಪಾಸ್ ಹೇಳಿ, ಆಮೇಲೆ ಒಂದು ದಿನ ಬಾಯಿ ಬಿಟ್ಟವರು ನಮ್ಮಲ್ಲಿ ಇದ್ದಾರೆ.

ಖರ್ಚು ತುಂಬಾ ಕಡಿಮೆ. ಬಹಳ ಕಡೆ ಪುಕ್ಕಟೆ, ಇಲ್ಲ ಒಂದೆರಡು ಪೌಂಡ್ ಡಬ್ಬಿಗೆ ಹಾಕಬೇಕು. ಚಿಕ್ಕ ಪಬ್ಬಿನಲ್ಲೂ ಇದು ಸಲೀಸಾಗಿ ನಡೆಯುವುದಕ್ಕೆ ಒಂದು ಕಾನೂನಿನ ಬಲವಿದೆ. 2012ರ ಲೈವ್ ಮ್ಯೂಸಿಕ್ ಆಕ್ಟ್ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೈಕ್ ಇಲ್ಲದ ಹಾಡುಗಾರಿಕೆಗೆ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ ಪ್ರತ್ಯೇಕ ಅನುಮತಿ ಬೇಕಿಲ್ಲ.

ನಾನು ಮೊದಲ ಸಲ ಹೋದಾಗ ತಡವಾಗಿತ್ತು. ಪಬ್ಬಿನ ಹಿಂದಿನ ಕೋಣೆ. ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೆ. ಪಕ್ಕದಲ್ಲಿ ಗ್ಲಾಸ್ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ನನ್ನ ಮಣಿಕಟ್ಟು ಮುಟ್ಟಿ ತಡೆದರು. ತುಟಿಗೆ ಬೆರಳಿಟ್ಟರು. ಒಳಗೆ ಯಾರೋ ಹಾಡುತ್ತಿದ್ದರು, ಗಂಡಸಿನ ದನಿ, ವಯಸ್ಸಾದದ್ದು. ನಾವಿಬ್ಬರೂ ಬಾಗಿಲ ಹೊರಗೆ ನಿಂತೇ ಇದ್ದೆವು. ಪಲ್ಲವಿ ಬಂದಾಗ ಒಳಗಿನಿಂದ ಇಪ್ಪತ್ತು ದನಿ ಒಟ್ಟಿಗೆ ಎದ್ದವು. ಹೊರಗಿದ್ದ ಅಜ್ಜಿಯೂ ಮೆಲ್ಲಗೆ ಸೇರಿಕೊಂಡರು, ಕೆಳಗಿನ ಸ್ವರದಲ್ಲಿ, ಬಾಗಿಲು ನೋಡುತ್ತಾ. ಹಾಡು ಮುಗಿದು ಚಪ್ಪಾಳೆ ಬಿದ್ದ ಮೇಲೆ ಅವರೇ ಬಾಗಿಲು ತೆಗೆದು ನನ್ನನ್ನು ಒಳಗೆ ಬಿಟ್ಟರು.

ಆ ರಾತ್ರಿ ಇನ್ನೊಂದು ನೋಡಿದೆ. ಒಬ್ಬರು ಶ್ರುತಿ ತುಂಬಾ ಮೇಲೆ ಹಿಡಿದುಬಿಟ್ಟರು. ಎರಡನೇ ಸಾಲಿಗೆ ದನಿ ಒಡೆಯಿತು. ನಿಲ್ಲಿಸಿದರು, ಗಂಟಲು ಸರಿಮಾಡಿಕೊಂಡರು, ಕೆಳಗಿಳಿಸಿ ಮತ್ತೆ ಮೊದಲಿಂದ ಎತ್ತಿದರು. ಯಾರೂ ನಗಲಿಲ್ಲ. ಯಾರೂ ಅಯ್ಯೋ ಅನ್ನಲಿಲ್ಲ. ಎಲ್ಲರೂ ಸುಮ್ನೆ ಕಾದರು. ನಾನು ಇಲ್ಲಿಗೇ ಬರಬೇಕು ಅಂತ ತೀರ್ಮಾನ ಮಾಡಿದ್ದು ಆ ಮೌನದಲ್ಲಿ.

ಈಗ ಎಲ್ಲರೂ ಕೇಳುವ ಮಾತು. ಕನ್ನಡದ ಹಾಡು ಹಾಡಬಹುದಾ? ಧಾರಾಳವಾಗಿ. ಫೋಕ್ ಕ್ಲಬ್ಬುಗಳ ಚರಿತ್ರೆಯಲ್ಲೇ ಅದಕ್ಕೆ ಜಾಗ ಇದೆ. ಇವಾನ್ ಮೆಕಾಲ್ ಮತ್ತು ಪೆಗ್ಗಿ ಸೀಗರ್ ಎಂಬ ಹಾಡುಗಾರರು ಲಂಡನ್‌ನಲ್ಲಿ ಕ್ಲಬ್ ನಡೆಸುತ್ತಿದ್ದಾಗ ಒಂದು ನಿಯಮ ಮಾಡಿದ್ದರು. 1961ರಲ್ಲಿ ಶುರುವಾದ ಅವರ ಸಿಂಗರ್ಸ್ ಕ್ಲಬ್ ಈ ನಿಯಮಕ್ಕೇ ಹೆಸರಾಗಿತ್ತು. ಹಾಡುವವರು ತಮ್ಮ ತಮ್ಮ ಭಾಷೆಯ, ತಮ್ಮ ನೆಲದ ಹಾಡನ್ನೇ ಹಾಡಬೇಕು. ಆ ನಿಯಮದ ಮೇಲೆ ಆಗ ದೊಡ್ಡ ಜಗಳವೇ ನಡೆಯಿತು. ಇವತ್ತು ಯಾವ ಕ್ಲಬ್ಬೂ ಅಷ್ಟು ಬಿಗಿಯಾಗಿಲ್ಲ. ಆದರೆ ನಿಮ್ಮ ಅಜ್ಜಿಯ ಹಾಡನ್ನು ನೀವು ಹಾಡಿದರೆ ಅದಕ್ಕೊಂದು ತೂಕ ಇದೆ ಅನ್ನುವ ಭಾವನೆ ಇಂಥ ಕೋಣೆಗಳಲ್ಲಿ ಈಗಲೂ ಉಳಿದಿದೆ.

ನಾನು ಮೊದಲು ಹಾಡಿದ್ದು ಒಂದು ಬೀಸುವ ಪದ. ಮನೆಯಲ್ಲಿ ಕೇಳಿ ಕಲಿತದ್ದು, ಯಾರಿಂದಲೂ ಪಾಠ ಆದದ್ದಲ್ಲ. ಶುರುವಿಗೆ ಮುಂಚೆ ಎರಡೇ ಮಾತು ಹೇಳಿದೆ: ಬೆಳಗಿನ ಜಾವ ರಾಗಿ ಬೀಸುವಾಗ ಹೆಂಗಸರು ಹೇಳುವ ಹಾಡು, ಪ್ರತಿ ನುಡಿಯ ಕೊನೆಗೆ ಈ ಸೊಲ್ಲು ಬರುತ್ತದೆ. ಸೊಲ್ಲನ್ನು ಒಮ್ಮೆ ಹಾಡಿ ತೋರಿಸಿದೆ. ಮೂರನೇ ನುಡಿಗೆ ಜನ ಸೇರಿಕೊಂಡರು. ಪದ ತಪ್ಪು, ಆದರೆ ದಾಟಿ ಸರಿ. ಮುಂದಿನ ತಿಂಗಳು ಹೋದಾಗ ಎದುರಿಗೆ ಕೂತಿದ್ದ ಹೆಂಗಸು ಬಿಯರ್ ಗ್ಲಾಸಿನ ಕೆಳಗಿಡುವ ರಟ್ಟಿನ ಬಿಲ್ಲೆಯೊಂದನ್ನು ಚೀಲದಿಂದ ತೆಗೆದರು. ಅದರ ಹಿಂಭಾಗದಲ್ಲಿ ನನ್ನ ಸೊಲ್ಲನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರು. "ಸರಿ ಇದೆಯಾ ನೋಡು" ಎಂದರು. ಒಂದು ಒತ್ತಕ್ಷರ ತಿದ್ದಿಕೊಟ್ಟೆ. ಆ ಬಿಲ್ಲೆ ಈಗಲೂ ಅವರ ಚೀಲದಲ್ಲಿದೆ.

ಸೊಲ್ಲು ಇರುವ ಹಾಡು ಆರಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಕೋಲಾಟದ ಪದ, ಸೋಬಾನೆ, ತತ್ವಪದ, ಯಾವುದಾದರೂ ಸರಿ. ಅರ್ಥ ಗೊತ್ತಿಲ್ಲದವರಿಗೂ ಕೆಲಸ ಸಿಗುತ್ತದೆ. ಸಂಗೀತ ಕಲಿತವರು ಒಂದು ವಿಷಯ ಗಮನಿಸಿ. ಆಲಾಪನೆ, ಸಂಗತಿ, ಗಮಕ ಎಲ್ಲ ತುಂಬಿ ಎಂಟು ನಿಮಿಷ ಹಾಡಿದರೆ ಜನ ಮೆಚ್ಚುತ್ತಾರೆ, ಆದರೆ ಜೊತೆಗೆ ಬರುವುದಿಲ್ಲ. ಇಲ್ಲಿ ಕಥೆ ಮುಖ್ಯ, ಮಾತು ಮುಖ್ಯ. ಬೋಳು ದನಿಯಲ್ಲಿ ಹಾಡಿದರೆ ಸಾಕು.

ಕಷ್ಟಗಳೂ ಇವೆ. ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ತಮ್ಮ ಓರಗೆಯವರು ಸಿಗುವುದು ಕಷ್ಟ. ಹಳಬರಿಗೆ ಅವರವರ ಹಾಡು ಅಂತ ಇರುತ್ತದೆ. ಅದನ್ನು ನೀವು ಗೊತ್ತಿಲ್ಲದೆ ಎತ್ತಿಕೊಂಡರೆ ಒಂದು ಕ್ಷಣ ಕೋಣೆ ತಣ್ಣಗಾಗುತ್ತದೆ. ಮೊದಲ ಸಲ ಇಂಗ್ಲಿಷ್ ಹಾಡು ಹಾಡುವುದಾದರೆ ಪಕ್ಕದವರನ್ನು ಕೇಳಿಕೊಂಡು ಹಾಡಿ. ಹಾಡುಗಾರಿಕೆಯ ಮಟ್ಟವೂ ಏರುಪೇರು. ಒಂದು ಹಾಡಿಗೆ ಕಣ್ಣಲ್ಲಿ ನೀರು ಬರುತ್ತದೆ, ಮುಂದಿನದು ಹನ್ನೆರಡು ನುಡಿಯ ಹಾಡು, ಅದೂ ಶ್ರುತಿ ಬಿಟ್ಟು. ಎರಡನ್ನೂ ಒಂದೇ ಮನಸ್ಸಿನಿಂದ ಕೇಳುವ ತಾಳ್ಮೆ ಬೇಕು.

ಪಲ್ಲವಿಗೆ ಜೋರಾಗಿ ಸೇರಿಕೊಳ್ಳಿ, ಆದರೆ ನುಡಿಗಳನ್ನು ಹಾಡುವವರಿಗೇ ಬಿಟ್ಟುಬಿಡಿ. ಮೇಜು ಬಡಿದು ತಾಳ ಹಾಕಬೇಡಿ. ತಾಳವಿಲ್ಲದೆ ಉಸಿರಿನ ಲೆಕ್ಕದಲ್ಲಿ ಹಾಡುವವರೇ ಹೆಚ್ಚು, ನಿಮ್ಮ ಬಡಿತ ಅವರ ಕಾಲಿಗೆ ತೊಡಕಾಗುತ್ತದೆ.

ಹಾಡು ಹುಡುಕುವುದಕ್ಕೆ ಒಂದು ದಾರಿ ಹೇಳುತ್ತೇನೆ. ಯಾವುದಾದರೂ ಹಳೆಯ ಹಾಡು ಇಷ್ಟವಾದರೆ ಅದರ ರೌಡ್ ನಂಬರ್ ಕೇಳಿ. ಸ್ಟೀವ್ ರೌಡ್ ಎಂಬ ಗ್ರಂಥಪಾಲಕರು ಇಂಗ್ಲಿಷ್ ಜನಪದ ಹಾಡುಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಒಂದೇ ಹಾಡು ಹತ್ತು ಹೆಸರಲ್ಲಿದ್ದರೂ ಸಂಖ್ಯೆ ಒಂದೇ. ಲಂಡನ್‌ನ ಸೆಸಿಲ್ ಶಾರ್ಪ್ ಹೌಸ್‌ನಲ್ಲಿರುವ ವಾನ್ ವಿಲಿಯಮ್ಸ್ ಸ್ಮಾರಕ ಗ್ರಂಥಾಲಯದ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅದೇ ಹಾಡಿನ ಬೇರೆ ಬೇರೆ ರೂಪಗಳ ವಿವರ ಪುಕ್ಕಟೆ ಸಿಗುತ್ತದೆ. ಆ ಕಟ್ಟಡಕ್ಕೆ ಹೆಸರು ಬಂದಿರುವ ಸೆಸಿಲ್ ಶಾರ್ಪ್ 1903ರಲ್ಲಿ ಸಾಮರ್ಸೆಟ್‌ನ ಹ್ಯಾಂಬ್ರಿಜ್ ಹಳ್ಳಿಯಲ್ಲಿ ಒಬ್ಬ ತೋಟಗಾರ ಹಾಡಿದ್ದನ್ನು ಕೇಳಿ ಬರೆದುಕೊಂಡರು. ಅವರ ಹಾಡು ಸಂಗ್ರಹ ಶುರುವಾದದ್ದು ಅಲ್ಲಿಂದ. ನಮ್ಮಲ್ಲೂ ಜನಪದ ಹಾಡುಗಳು ಪುಸ್ತಕಕ್ಕೆ ಬಂದದ್ದು ಹೀಗೇ ಅಲ್ವಾ?

ಗೆಸ್ಟ್ ನೈಟ್

ಫೋಕ್ ಕ್ಲಬ್ ಎಂಬ ಹೆಸರಿನಲ್ಲಿ ನಡೆಯುವ ಸಂಜೆಗಳಲ್ಲಿ ಇದೊಂದು ಬಗೆ. ಹೊರಗಿನಿಂದ ಒಬ್ಬ ಹಾಡುಗಾರರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಅವರು ಸುಮಾರು ಮುಕ್ಕಾಲು ಗಂಟೆಯಂತೆ ಎರಡು ಸಲ ಹಾಡುತ್ತಾರೆ. ಅದಕ್ಕೆ ಮುಂಚೆ ಊರಿನವರಿಗೆ ಒಂದೋ ಎರಡೋ ಹಾಡಿನ ಅವಕಾಶ. ಅದನ್ನು ಫ್ಲೋರ್ ಸ್ಪಾಟ್ ಅನ್ನುತ್ತಾರೆ. ನಡುವೆ ರಾಫಲ್ ಚೀಟಿ ಮಾರುತ್ತಾರೆ. ಬಹುಮಾನ ಏನೇ ಇರಲಿ, ಒಂದು ಚೀಟಿ ತಗೊಳ್ಳಿ. ಎಷ್ಟೋ ಸಲ ಅತಿಥಿಗೆ ಕೊಡುವ ದುಡ್ಡಿನಲ್ಲಿ ಕಮ್ಮಿ ಬಿದ್ದದ್ದು ಅದರಿಂದಲೇ ತುಂಬುತ್ತದೆ.

ಟಿಕೆಟ್ ಹತ್ತು ಪೌಂಡಿನ ಆಸುಪಾಸು, ಹೆಸರು ಮಾಡಿದವರಾದರೆ ಇನ್ನೂ ಜಾಸ್ತಿ. ಸಿಂಗರೌಂಡಿಗೆ ಹೋಲಿಸಿದರೆ ದುಬಾರಿ ಅನಿಸಬಹುದು. ಆದರೆ ಈ ದೇಶದ ಅತ್ಯುತ್ತಮ ಹಾಡುಗಾರರನ್ನು ಆರಡಿ ದೂರದಿಂದ, ಮೈಕ್ ಇಲ್ಲದೆ ಕೇಳುವ ಭಾಗ್ಯ ಬೇರೆ ಎಲ್ಲಿ ಸಿಗುತ್ತದೆ? ಹಾಡಿಗೆ ಮುಂಚೆ ಅವರು ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ. ಒಂದು ನುಡಿಯನ್ನು ಎಲ್ಲಿ ತಡೆದರು, ಎಲ್ಲಿ ಬಿಟ್ಟರು ಎಂದು ನೋಡಿ ನಾನು ಕಲಿತದ್ದು ಬಹಳ.

ನಿಮ್ಮ ದನಿಗೆ ಇಲ್ಲಿ ಕೆಲಸ ಕಡಿಮೆ. ಪಲ್ಲವಿಗಳು ಮಾತ್ರ. ಫ್ಲೋರ್ ಸ್ಪಾಟ್ ಬೇಕಾದರೆ ಬೇಗ ಹೋಗಿ ಬಾಗಿಲಲ್ಲಿ ಕೂತವರಿಗೆ ಹೇಳಿ. ಮೊದಲ ಸಲವೇ ಕೇಳುವುದಕ್ಕಿಂತ ಎರಡು ಸಲ ಸುಮ್ನೆ ಹೋಗಿ ಮುಖ ಪರಿಚಯವಾದ ಮೇಲೆ ಕೇಳುವುದು ಒಳ್ಳೆಯದು. ಇಲ್ಲಿ ಹಾಡಿಗೆ ತಯಾರಿ ಬೇಕು. ಸಿಂಗರೌಂಡಿನಲ್ಲಿ ಮರೆತರೆ ಪಕ್ಕದವರು ಸಾಲು ಎತ್ತಿಕೊಡುತ್ತಾರೆ. ಇಲ್ಲಿ ನೀವು ಎದ್ದು ನಿಂತು ದುಡ್ಡು ಕೊಟ್ಟು ಬಂದವರ ಎದುರು ಹಾಡುತ್ತೀರಿ.

ಬ್ರ್ಯಾಡ್‌ಫರ್ಡ್‌ನ ಟಾಪಿಕ್ ಫೋಕ್ ಕ್ಲಬ್ 1956ರಿಂದ ಇದೆ. ಇಂಥ ಹಳೆಯ ಕ್ಲಬ್‌ಗಳ ಬೆನ್ನೆಲುಬು ಗೆಸ್ಟ್ ನೈಟ್‌ಗಳೇ. ಕಾರ್ಯಕ್ರಮಪಟ್ಟಿ ನೋಡುವಾಗ ಗಮನಿಸಿ: ಬಹಳ ಕ್ಲಬ್‌ಗಳು ಒಂದು ವಾರ ಗೆಸ್ಟ್ ಕರೆಸಿದರೆ ಇನ್ನೊಂದು ವಾರ ಸಿಂಗರ್ಸ್ ನೈಟ್ ಇಡುತ್ತವೆ. ಸಿಂಗರ್ಸ್ ನೈಟ್ ಅಂದರೆ ಹೆಚ್ಚುಕಡಿಮೆ ಸಿಂಗರೌಂಡೇ. ಒಂದೇ ಕ್ಲಬ್ಬಿನಲ್ಲಿ ಎರಡೂ ಸಿಗುತ್ತದೆ. ತಪ್ಪು ವಾರ ಹೋಗಿ ನಿರಾಸೆಯಾಗುವವರು ಬಹಳ.

ಶಾಂಟಿ ಹಾಡುವ ಕೂಟ

ಹಾಯಿಹಡಗಿನ ಕಾಲದಲ್ಲಿ ಹಗ್ಗ ಎಳೆಯುವಾಗ, ಲಂಗರು ಎತ್ತುವಾಗ ಹಾಡುತ್ತಿದ್ದ ಕೆಲಸದ ಹಾಡುಗಳು ಇವು. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಉತ್ತರ ಕೊಡುತ್ತಾರೆ. ನಮ್ಮಲ್ಲಿ ಭಾರ ಎತ್ತುವಾಗ "ಐಸಾ" ಅನ್ನುತ್ತಾರಲ್ಲ, ಅದೇ ಸೂತ್ರ. ಹಾಯಿ ಏರಿಸುವ ಹಾಡಿನಲ್ಲಿ ಎಲ್ಲಿ ಒತ್ತು ಬೀಳುತ್ತದೋ ಅಲ್ಲಿ ಎಲ್ಲರೂ ಹಗ್ಗ ಎಳೆಯಬೇಕು. ಲಂಗರಿನ ಚಕ್ರ ತಳ್ಳುವ ಹಾಡು ನಡಿಗೆಯ ಲಯದಲ್ಲಿ ಎಡೆಬಿಡದೆ ಸಾಗುತ್ತದೆ. ಈ ವ್ಯತ್ಯಾಸ ತಿಳಿದು ಹಾಡಿದರೆ ಹಾಡಿನ ಗತ್ತೇ ಬೇರೆ.

ಹೊಸಬರಿಗೆ ಇಷ್ಟು ಸುಲಭದ ಬಾಗಿಲು ಇನ್ನೊಂದಿಲ್ಲ. ಎರಡನೇ ಸಾಲಿಗೇ ನಿಮಗೆ ಉತ್ತರ ಗೊತ್ತಾಗಿರುತ್ತದೆ. 2021ರ ಜನವರಿಯಲ್ಲಿ ನ್ಯೂಜಿಲೆಂಡಿನ ತಿಮಿಂಗಿಲ ಬೇಟೆಗಾರರ ಒಂದು ಹಾಡು ಟಿಕ್‌ಟಾಕ್‌ನಲ್ಲಿ ಹಬ್ಬಿದ ಮೇಲೆ ಈ ಕೂಟಗಳಿಗೆ ಚಿಕ್ಕ ವಯಸ್ಸಿನವರೂ ಬರುತ್ತಿದ್ದಾರೆ. ಓರಗೆಯವರು ಬೇಕು ಅನ್ನುವವರು ಇಲ್ಲಿ ಹುಡುಕಿ.

ಕೊರತೆ ಅಂದರೆ, ಮೆಲುದನಿಯ ಹಾಡಿಗೆ ಜಾಗ ಕಡಿಮೆ. ಎರಡು ಗಂಟೆ ಒಂದೇ ಏರುದನಿಯಲ್ಲಿ ಹೋಗುತ್ತದೆ. ಕೆಲವು ಹಳೆಯ ಹಾಡುಗಳಲ್ಲಿ ಹೆಂಗಸರ ಬಗ್ಗೆ, ಕಪ್ಪು ಜನರ ಬಗ್ಗೆ ಇರುವ ಮಾತು ಕಿವಿಗೆ ಹಿಂಸೆಯಾಗುತ್ತದೆ. ಒಳ್ಳೆಯ ಕೂಟದವರು ಅವನ್ನು ಬಿಡುತ್ತಾರೆ, ಇಲ್ಲ ತಿದ್ದುತ್ತಾರೆ. ಇನ್ನೊಂದು ಎಚ್ಚರ: ಶಾಂಟಿ ತಂಡ ಬೇರೆ, ಶಾಂಟಿ ಕೂಟ ಬೇರೆ. ತಂಡದವರು ಅಭ್ಯಾಸ ಮಾಡಿ ವೇದಿಕೆಯಲ್ಲಿ ಹಾಡುವವರು. ಅಲ್ಲಿ ನೀವು ಪ್ರೇಕ್ಷಕರು ಮಾತ್ರ.

ಸೇಕ್ರೆಡ್ ಹಾರ್ಪ್

ಇದು ಬೇರೆಯದೇ ಲೋಕ. ಕರ್ನಾಟಕ ಸಂಗೀತ ಕಲಿತ ಕನ್ನಡಿಗರಿಗೆ ಇದನ್ನು ನಾನು ಖಾಸಾ ಹೇಳುತ್ತೇನೆ.

ಅಮೆರಿಕದ ಜಾರ್ಜಿಯಾದವರು 1844ರಲ್ಲಿ ಹೊರತಂದ ಒಂದು ಪ್ರಾರ್ಥನೆ ಹಾಡುಗಳ ಪುಸ್ತಕ ಇದರ ಮೂಲ. ಅದರ ಹೆಸರೇ ಈ ಹಾಡುಗಾರಿಕೆಗೂ ಬಂದಿದೆ. ಸ್ವರಗಳನ್ನು ಆಕಾರದಿಂದ ಗುರುತಿಸುತ್ತಾರೆ. ಫಾ ತ್ರಿಕೋನ, ಸೋಲ್ ದುಂಡಗೆ, ಲಾ ಚೌಕ, ಮಿ ವಜ್ರದಾಕಾರ. ನಾಲ್ಕೂ ದಿಕ್ಕಿಗೆ ನಾಲ್ಕು ಗುಂಪು, ಎದುರುಬದುರಾಗಿ ಚೌಕ ಮಾಡಿ ಕೂರುತ್ತಾರೆ. ಒಬ್ಬರು ನಡುವೆ ನಿಂತು ಕೈಯಲ್ಲಿ ತಾಳ ಹಾಕುತ್ತಾರೆ. ಮೊದಲು ಎಲ್ಲರೂ ಸ್ವರ ಹಾಡುತ್ತಾರೆ, ಆಮೇಲೆ ಸಾಹಿತ್ಯ. ಹೌದು, ನಾವು ಗೀತೆ ಕಲಿತ ಹಾಗೆಯೇ! ಮೊದಲ ಸಲ ಕೇಳಿದಾಗ ನನಗೆ ಪಾಠದ ಚಾಪೆಯ ಮೇಲೆ ಕೂತ ನೆನಪಾಯಿತು.

ಪ್ರೇಕ್ಷಕರೇ ಇಲ್ಲ. ಬಂದವರೆಲ್ಲ ಹಾಡಬೇಕು. ದನಿ ಮೃದು ಮಾಡುವುದಿಲ್ಲ, ಬಾಯಿ ತುಂಬಾ ತೆರೆದು ಪೂರ್ತಿ ದನಿಯಲ್ಲಿ ಹಾಡುತ್ತಾರೆ. ನಡುವೆ ನಿಂತವರಿಗೆ ನಾಲ್ಕು ಕಡೆಯಿಂದ ದನಿ ಬಂದು ಬಡಿಯುತ್ತದೆ. ಒಬ್ಬರೇ ಹಾಡುವ ಪ್ರಶ್ನೆಯೇ ಇಲ್ಲದ್ದರಿಂದ ನಾಚಿಕೆಯವರಿಗೂ ಸಲೀಸು. ಪುಸ್ತಕ ನೋಡಿಯೇ ಹಾಡುವುದು, ಕಂಠಪಾಠದ ಗೊಡವೆ ಇಲ್ಲ. ಎರವಲು ಪುಸ್ತಕ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಸಭಾಂಗಣದ ಬಾಡಿಗೆಗೆ ಕೈಲಾದಷ್ಟು ಕೊಟ್ಟರೆ ಆಯಿತು.

ಆದರೆ ಸಾಹಿತ್ಯ ಪೂರ್ತಿ ಕ್ರೈಸ್ತ ಪ್ರಾರ್ಥನೆ, ಅದರಲ್ಲೂ ಸಾವಿನ ಮಾತು ಜಾಸ್ತಿ. ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ. ಬರುವವರಲ್ಲಿ ನಂಬದವರೂ ಬಹಳ ಇದ್ದಾರೆ. ಆದರೂ ಆ ಮಾತುಗಳನ್ನು ಬಾಯಲ್ಲಿ ಹಾಡಲು ಮನಸ್ಸು ಒಪ್ಪದಿದ್ದರೆ ಇದು ನಿಮಗಲ್ಲ. ನಿಮ್ಮ ಕನ್ನಡದ ಹಾಡಿಗೂ ಇಲ್ಲಿ ಜಾಗವಿಲ್ಲ.

ಉಳಿದವು

ಊರಿನವರು ಸೇರಿ ಒಟ್ಟಾಗಿ ಹಾಡುವ ಗುಂಪಾದ ಕಮ್ಯುನಿಟಿ ಕ್ವಾಯರ್‌ನಲ್ಲಿ ಕಲಿಸುವವರು ಇರುತ್ತಾರೆ. ವಾರಕ್ಕೊಮ್ಮೆ ಅಭ್ಯಾಸ, ಒಂದು ಅವಧಿಗೆ ಇಷ್ಟು ಅಂತ ಶುಲ್ಕ. ವರ್ಷದ ಲೆಕ್ಕ ಹಾಕಿದರೆ ಸಿಂಗರೌಂಡಿಗಿಂತ ಖರ್ಚು ಹೆಚ್ಚು. ಬದಲಿಗೆ ನಿಮಗೆ ಕ್ರಮವಾಗಿ ಕಲಿಯಲು ಸಿಗುತ್ತದೆ, ಹಗಲು ಹೊತ್ತಿನವೂ ಇರುತ್ತವೆ, ಪಬ್ಬಿನ ಮಾತೇ ಇಲ್ಲ. ಹಾಡು ಕಲಿಸುವವರ ಸಂಘವಾದ ನ್ಯಾಚುರಲ್ ವಾಯ್ಸ್ ನೆಟ್‌ವರ್ಕ್‌ಗೆ ಸೇರಿದವರು ನಡೆಸುವ ಗುಂಪುಗಳಲ್ಲಿ ದನಿ ಪರೀಕ್ಷೆ ಇರುವುದಿಲ್ಲ, ಕಿವಿಯಲ್ಲಿ ಕೇಳಿಯೇ ಕಲಿಸುತ್ತಾರೆ. ಹಾಡು ಆರಿಸುವುದು ಮಾತ್ರ ಅವರು.

ಸೆಷನ್ ಎಂದು ಬರೆದಿದ್ದರೆ ಅದು ಹೆಚ್ಚಾಗಿ ವಾದ್ಯದವರ ಕೂಟ. ಪಿಟೀಲು, ಕೊಳಲು, ಅಕಾರ್ಡಿಯನ್. ಒಂದು ದಾಟಿಯಿಂದ ಇನ್ನೊಂದಕ್ಕೆ ನಿಲ್ಲದೆ ಹೋಗುತ್ತಾರೆ. ನಡುವೆ ಎಲ್ಲೋ ಒಂದು ಹಾಡು ಬಂದರೆ ಬಂತು. ನೀವು ವಾದ್ಯ ನುಡಿಸುವವರಾದರೆ ಹೋಗಿ.

ಆನ್‌ಲೈನ್ ಸಿಂಗರೌಂಡ್‌ಗಳು 2020ರಲ್ಲಿ ಹೆಚ್ಚಾದವು, ಕೆಲವು ಈಗಲೂ ನಡೆಯುತ್ತಿವೆ. ದನಿ ತಡವಾಗಿ ತಲುಪುವುದರಿಂದ ಒಬ್ಬರು ಹಾಡುವಾಗ ಉಳಿದವರು ಮೈಕ್ ಮುಚ್ಚಿಕೊಂಡೇ ಪಲ್ಲವಿ ಹಾಡಬೇಕು. ನನಗದು ಸೇರುವುದಿಲ್ಲ. ಆದರೆ ತೊಟ್ಟಿಲ ಮಗು ಇರುವವರಿಗೆ, ಬಸ್ಸಿಲ್ಲದ ಊರಿನವರಿಗೆ ಅದೂ ಒಂದು ಆಸರೆ.

ಹಾಗಾದರೆ ಯಾರಿಗೆ ಯಾವುದು?

ಓದಲು ಬಂದವರು, ಕೈಯಲ್ಲಿ ದುಡ್ಡು ಕಡಿಮೆ: ಸಿಂಗರೌಂಡ್ ಅಥವಾ ಸೇಕ್ರೆಡ್ ಹಾರ್ಪ್. ತಿಂಗಳಿಗೆ ಐದು ಪೌಂಡಿನಲ್ಲಿ ಆಗಿಹೋಗುತ್ತದೆ. ಎರಡು ತಿಂಗಳಿಗೊಮ್ಮೆ ಒಂದು ಗೆಸ್ಟ್ ನೈಟ್‌ಗೆ ದುಡ್ಡು ಎತ್ತಿಡಿ, ಆ ಖರ್ಚು ದಂಡವಾಗುವುದಿಲ್ಲ.

ಚಿಕ್ಕ ಮಕ್ಕಳಿರುವವರಿಗೆ ರಾತ್ರಿಯ ಪಬ್ ಕಷ್ಟ. ಎಷ್ಟೋ ಪಬ್‌ಗಳು ಸಂಜೆಯಾದ ಮೇಲೆ ಮಕ್ಕಳನ್ನು ಬಿಡುವುದಿಲ್ಲ. ಭಾನುವಾರ ಮಧ್ಯಾಹ್ನದ ಕೂಟ ಹುಡುಕಿ. ಶೆಫೀಲ್ಡ್ ಕಡೆಯವರಾದರೆ ನವೆಂಬರ್ ನಡುವಿನಿಂದ ಕ್ರಿಸ್‌ಮಸ್‌ವರೆಗೆ ಅಲ್ಲಿನ ಹಳ್ಳಿಯ ಪಬ್‌ಗಳಲ್ಲಿ ಆ ಊರಿನದೇ ಕ್ರಿಸ್‌ಮಸ್ ಹಾಡುಗಳಾದ ಕ್ಯಾರಲ್‌ಗಳನ್ನು ಭಾನುವಾರ ಮಧ್ಯಾಹ್ನ ಹಾಡುತ್ತಾರೆ. ಚರ್ಚುಗಳು ಕೈಬಿಟ್ಟ ಹಾಡುಗಳನ್ನು ಊರಿನವರು ಬಿಡಲಿಲ್ಲ. ಜನ ಕಿಕ್ಕಿರಿದಿರುತ್ತಾರೆ, ನಿಲ್ಲಲೂ ಜಾಗ ಸಿಗುವುದಿಲ್ಲ. ಆದರೂ ಒಮ್ಮೆ ಹೋಗಿ ಬನ್ನಿ.

ಒಬ್ಬರೇ ಹಾಡಲು ಧೈರ್ಯ ಸಾಲದವರು ಶಾಂಟಿ ಕೂಟದಿಂದ ಶುರು ಮಾಡಿ, ಮೂರು ತಿಂಗಳ ನಂತರ ಸಿಂಗರೌಂಡಿಗೆ ಬನ್ನಿ. ಬಾಯಿ ಅಷ್ಟರೊಳಗೆ ತಾನಾಗೇ ಬಿಟ್ಟಿರುತ್ತದೆ. ಪಬ್ಬೇ ಬೇಡ ಅನ್ನುವವರಿಗೆ ಕ್ವಾಯರ್. ಕೇಳುವುದರಲ್ಲೇ ಸುಖ ಇರುವವರಿಗೆ ಗೆಸ್ಟ್ ನೈಟ್, ಅದರಲ್ಲಿ ಯೋಚಿಸುವಂಥದ್ದು ಏನಿಲ್ಲ.

ಊರಿನ ಹಾಡು ಎದೆಯಲ್ಲಿಟ್ಟುಕೊಂಡು ಎಲ್ಲಿ ಹಾಡಲಿ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಹದಿನೈದು ಜನಕ್ಕಿಂತ ಕಡಿಮೆ ಇರುವ ಸಿಂಗರೌಂಡ್. ದೂರವಾದರೂ ಸರಿ, ಚಿಕ್ಕದಕ್ಕೇ ಹೋಗಿ. ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ. ಒಂದು ರಾತ್ರಿ ಮಳೆ ಬಂದು ಐದೇ ಜನ ಬಂದಿರುತ್ತಾರೆ, ಇನ್ನೊಂದು ರಾತ್ರಿ ಹಬ್ಬದ ಹಾಗಿರುತ್ತದೆ. ಮೂರು ಸಲ ಹೋದರೆ ಆ ಕ್ಲಬ್ಬಿನ ನಿಜವಾದ ಮುಖ ಕಾಣುತ್ತದೆ.

ಹೊರಡುವ ಮುಂಚೆ ನಡೆಸುವವರಿಗೆ ಒಂದು ಫೋನೋ ಇಮೇಲೋ ಮಾಡಿ. ಹಳೆಯ ಜಾಲತಾಣ, ಹಳೆಯ ಪೋಸ್ಟರ್ ನಂಬಿ ಹೋಗಿ ಬೀಗ ಹಾಕಿದ ಕೋಣೆ ನೋಡಿ ಬಂದವರಲ್ಲಿ ನಾನೂ ಒಬ್ಬ. ಬೇಸಿಗೆಯಲ್ಲಿ, ಅದರಲ್ಲೂ ಆಗಸ್ಟ್‌ನಲ್ಲಿ, ಎಷ್ಟೋ ಕ್ಲಬ್‌ಗಳು ಬಾಗಿಲು ಹಾಕುತ್ತವೆ. ಕೇಳಬೇಕಾದ್ದು ಇಷ್ಟೇ: ಈ ವಾರ ಗೆಸ್ಟ್ ಇದ್ದಾರಾ? ಎಷ್ಟು ಜನ ಬರುತ್ತಾರೆ? ಹಾಳೆ ನೋಡಿ ಹಾಡಬಹುದಾ? ಕೋಣೆ ಮಹಡಿ ಮೇಲಿದೆಯಾ? ಎಷ್ಟಕ್ಕೆ ಮುಗಿಯುತ್ತದೆ?

ಹತ್ತು ನಿಮಿಷ ಮುಂಚೆ ಹೋಗಿ. ತಡವಾಗಿ, ಒಳಗೆ ಯಾರೋ ಹಾಡುತ್ತಿರುವುದು ಕೇಳಿಸಿದರೆ, ಬಾಗಿಲ ಹೊರಗೇ ನಿಲ್ಲಿ. ಪಲ್ಲವಿ ಬಂದರೆ ಅಲ್ಲಿಂದಲೇ ಸೇರಿಕೊಳ್ಳಿ. ಚಪ್ಪಾಳೆ ಬಿದ್ದ ಮೇಲೆ ಚಿಲಕ ತೆಗೆಯಿರಿ.